ರಕ್ತದಲ್ಲಿ ಕ್ಯಾನ್ಸರ್ ಔಷಧಿ ಎಷ್ಟಿದೆ? ಅಳೆಯುವುದು ಹೀಗೆ

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಕಾಫಿ ಪುಡಿ ಅಂಗಡಿ ಮುಂದೆ ಹಾದುಹೋದರೆ ಮೂಗಿಗೆ ಸಿಗುವುದು ಒಂದೇ ಘಮ. ಆದರೆ ಅದರೊಳಗೆ ನೂರಾರು ಬಗೆಯ ಆವಿ ಬೆರೆತಿರುತ್ತದೆ. ಅವನ್ನು ಬಿಡಿಬಿಡಿಯಾಗಿ ಬೇರ್ಪಡಿಸುವ ಯಂತ್ರವೇ ಗ್ಯಾಸ್ ಕ್ರೊಮ್ಯಾಟೊಗ್ರಾಫ್. ಕ್ಯಾನ್ಸರ್ ರೋಗಿಯ ರಕ್ತದಲ್ಲಿ ಔಷಧಿ ಎಷ್ಟಿದೆ ಎಂದು ನೋಡಲೂ ಇದು ಬರುತ್ತದೆ.

ಬುಸಲ್ಫಾನ್ ಔಷಧಿಯನ್ನೇ ತೆಗೆದುಕೊಳ್ಳಿ. ಅಸ್ಥಿಮಜ್ಜೆ ಕಸಿಗೆ ಮುಂಚೆ ಇದನ್ನು ಕೊಡುತ್ತಾರೆ. ತೂಕ ನೋಡಿ ಇಬ್ಬರಿಗೆ ಒಂದೇ ಲೆಕ್ಕದಲ್ಲಿ ಕೊಟ್ಟರೂ ಒಬ್ಬರ ದೇಹ ಬೇಗ ಕರಗಿಸುತ್ತದೆ, ಇನ್ನೊಬ್ಬರದು ನಿಧಾನ. ಜಾಸ್ತಿಯಾದರೆ ಲಿವರ್‌ನ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುವ ಅಪಾಯ. ಕಡಿಮೆಯಾದರೆ ಕಸಿ ಹಿಡಿಯದೆ ಹೋಗಬಹುದು. ಸುಮ್ನೆ ಅಂದಾಜಿನಲ್ಲಿ ಬಿಡುವ ವಿಷಯವಲ್ಲ, ಅಲ್ವಾ?

ಮೊದಲ ಹೆಜ್ಜೆ ರಕ್ತ ತೆಗೆಯುವುದು. ನನ್ನ ಪ್ರಕಾರ ಇಡೀ ಕೆಲಸ ನಿಂತಿರುವುದೇ ಇಲ್ಲಿ. ಹಳೆಯ ಪದ್ಧತಿಯಲ್ಲಿ 6 ಗಂಟೆಗೊಮ್ಮೆ, 4 ದಿನ, ಒಟ್ಟು 16 ಡೋಸ್. ಒಂದು ಡೋಸ್ ಹನಿಹನಿಯಾಗಿ ಒಳಹೋಗಲು 2 ಗಂಟೆ ಬೇಕು. ಅದು ಮುಗಿದ ಕೂಡಲೇ ಒಮ್ಮೆ, ಮುಂದಿನ ಡೋಸಿಗೆ ಮುಂಚೆ ಇನ್ನೂ ಕೆಲವು ಸಲ ರಕ್ತ ತೆಗೆಯುತ್ತಾರೆ. ಔಷಧಿ ಹೋದ ನಳಿಕೆಯಿಂದಲೇ ರಕ್ತ ಎಳೆಯಬಾರದು. ಅಲ್ಲಿ ಅಂಟಿಕೊಂಡ ಔಷಧಿ ಸೇರಿ ಲೆಕ್ಕ ಸುಳ್ಳಾಗುತ್ತದೆ. ಟ್ಯೂಬಿನ ಮೇಲೆ ನಿಜವಾದ ಸಮಯ ಬರೆಯಿರಿ. ಹತ್ತಕ್ಕೆ ತೆಗೆಯಬೇಕಿದ್ದುದನ್ನು ಹತ್ತೂಕಾಲಿಗೆ ತೆಗೆದಿದ್ದರೆ ಹತ್ತೂಕಾಲು ಅಂತಲೇ ಇರಲಿ. ತಡವಾದದ್ದನ್ನು ಲೆಕ್ಕದಲ್ಲಿ ಸರಿಮಾಡಬಹುದು, ತಪ್ಪು ಸಮಯವನ್ನು ಆಗುವುದಿಲ್ಲ. ನಮ್ಮ ಜಿಲ್ಲೆಯಿಂದ ಕಸಿಗೆಂದು ಬೆಂಗಳೂರಿಗೋ ಮಂಗಳೂರಿಗೋ ಹೋಗಿ ಹಾಸಿಗೆ ಪಕ್ಕ ಕೂತ ಮನೆಯವರೂ ಸಮಯ ಬರೆದರಾ ಅಂತ ಸಿಸ್ಟರ್ ಹತ್ತಿರ ಕೇಳಬಹುದು. ಸಂಕೋಚ ಬೇಡ.

ಟ್ಯೂಬನ್ನು ತಕ್ಷಣ ಐಸ್‌ನಲ್ಲಿಡಿ. ಹೊರಗೇ ಇಟ್ಟರೆ ಬುಸಲ್ಫಾನ್ ಟ್ಯೂಬಿನೊಳಗೇ ಒಡೆಯುತ್ತಾ ಹೋಗುತ್ತದೆ. ಲ್ಯಾಬಿನಲ್ಲಿ ತಣ್ಣಗಿನ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಪ್ಲಾಸ್ಮಾ, ಅಂದರೆ ರಕ್ತಕಣ ಬಿಟ್ಟು ಉಳಿಯುವ ದ್ರವ, ಬೇರೆ ಮಾಡುತ್ತಾರೆ.

ಈಗ ಒಂದು ಜಾಣ ಉಪಾಯ. ಹೈಡ್ರೋಜನ್ ಬದಲು ಅದರ ಭಾರದ ಅಣ್ಣ ಡ್ಯೂಟೀರಿಯಂ ಸೇರಿಸಿ ಮಾಡಿದ ಬುಸಲ್ಫಾನನ್ನು ಗೊತ್ತಿರುವಷ್ಟು ಅಳತೆಯಲ್ಲಿ ಪ್ಲಾಸ್ಮಾಕ್ಕೆ ಬೆರೆಸುತ್ತಾರೆ. ಮುಂದೆ ಸೋಸುವಾಗ, ಸುರಿಯುವಾಗ ಎಷ್ಟು ಕಳೆದುಹೋದರೂ ಎರಡೂ ಒಂದೇ ಪಾಲಿನಲ್ಲಿ ಕಳೆಯುತ್ತವೆ. ಹಾಗಾಗಿ ಎರಡನ್ನೂ ಹೋಲಿಸಿದರೆ ಸರಿಯಾದ ಲೆಕ್ಕ ಸಿಗುತ್ತದೆ.

ಬುಸಲ್ಫಾನ್ ತಾನಾಗಿ ಸುಲಭಕ್ಕೆ ಆವಿಯಾಗದು. ಸೋಡಿಯಂ ಅಯೋಡೈಡ್ ಜತೆ ಬಿಸಿಮಾಡಿದರೆ ಡೈಅಯೋಡೋಬ್ಯುಟೇನ್ ಆಗುತ್ತದೆ, ಅದು ಆವಿಯಾಗುತ್ತದೆ. ಅದನ್ನು ಹೆಪ್ಟೇನ್‌ನಂಥ ದ್ರಾವಕಕ್ಕೆ ಇಳಿಸಿಕೊಂಡು, ಸುಮಾರು 1 ಮೈಕ್ರೋಲೀಟರ್ ಮಾತ್ರ ಯಂತ್ರಕ್ಕೆ ಚುಚ್ಚುತ್ತಾರೆ. ಹೀಲಿಯಂ ಅನಿಲ ಅದನ್ನು ಸುರುಳಿ ಸುತ್ತಿದ ಕೊಳವೆಯೊಳಗೆ ಹೊತ್ತೊಯ್ಯುತ್ತದೆ. ಕೊಳವೆಯ ಉದ್ದ ಸಾಮಾನ್ಯವಾಗಿ 30 ಮೀಟರ್, ಒಳಗಿನ ಅಗಲ ಕಾಲು ಮಿಲಿಮೀಟರ್! ಒಂದೊಂದು ವಸ್ತು ಒಂದೊಂದು ಹೊತ್ತಿಗೆ ಹೊರಬರುತ್ತದೆ. ತುದಿಯಲ್ಲಿರುವ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಅಣುಗಳ ಭಾರ ನೋಡಿ ಅದನ್ನು ಗುರುತು ಹಿಡಿಯುತ್ತದೆ, ಡ್ಯೂಟೀರಿಯಂ ಇರುವುದನ್ನೂ ಇಲ್ಲದ್ದನ್ನೂ ಬೇರೆ ಬೇರೆ ಅಳೆಯುತ್ತದೆ.

ಬೇರೆ ಬೇರೆ ಹೊತ್ತಿನ ಅಂಕಿಗಳನ್ನು ಗ್ರಾಫಿನಲ್ಲಿ ಗುರುತು ಮಾಡಿ, ಗೆರೆಯ ಕೆಳಗಿನ ಜಾಗವನ್ನು ಅಳೆದರೆ ದೇಹಕ್ಕೆ ಒಟ್ಟು ಎಷ್ಟು ಔಷಧಿ ತಾಗಿತು ಎಂದು ತಿಳಿಯುತ್ತದೆ. ವೈದ್ಯರು ಮುಂದಿನ ಡೋಸ್ ಬದಲಾಯಿಸುವುದು ಇದನ್ನು ನೋಡಿಯೇ. 4 ದಿನದ ಚಿಕಿತ್ಸೆಯಾದ್ದರಿಂದ ರಿಪೋರ್ಟ್ ಬೇಗ ಬರಬೇಕು.

ಎಲ್ಲ ಔಷಧಿಗೂ ಈ ದಾರಿ ಇಲ್ಲ. ಮೆಥೊಟ್ರೆಕ್ಸೇಟ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧಿ ಆವಿಯಾಗದ ಜಾತಿ. ಅದಕ್ಕೆ ಇಮ್ಯುನೊಅಸ್ಸೇ (ಔಷಧಿಗೆ ಅಂಟಿಕೊಳ್ಳುವ ಪ್ರತಿಕಾಯ ಬಳಸಿ ಅಳೆಯುವ ಪರೀಕ್ಷೆ) ಅಥವಾ ಆವಿಯ ಬದಲು ದ್ರವದಲ್ಲೇ ಬೇರ್ಪಡಿಸುವ ದ್ರವ ಕ್ರೊಮ್ಯಾಟೊಗ್ರಫಿ ಬೇಕು. ದೊಡ್ಡ ಡೋಸ್ ಕೊಟ್ಟಾಗ ಸಾಮಾನ್ಯವಾಗಿ 24, 48, 72ನೇ ಗಂಟೆಗೆ ರಕ್ತ ತೆಗೆಯುತ್ತಾರೆ. ಆ ಟ್ಯೂಬಿನ ಮೇಲೂ ನಿಜವಾದ ಸಮಯವೇ ಇರಬೇಕು.