ಜನ ತುಂಬಿದ ಕಾಡುಹಾದಿಯಲ್ಲಿ ಮೌಂಟನ್ ಬೈಕ್ ಓಡಿಸುವ ಬಗೆ

ಬೆಂಗಳೂರಿನ ಕನಕಪುರ ರಸ್ತೆಯ ಬದಿಯ ತುರಹಳ್ಳಿ ಕಾಡಿಗಾಗಲಿ, ಯಲಹಂಕದ ಕಡೆಯ ಅವಲಹಳ್ಳಿ ಕಾಡಿಗಾಗಲಿ ರಜಾದಿನದ ಬೆಳಗ್ಗೆ ಮೌಂಟನ್ ಬೈಕ್ (ಗುಡ್ಡ, ಕಾಡಿನ ಒರಟು ಹಾದಿಗೆಂದೇ ಮಾಡಿದ ಸೈಕಲ್) ಒಯ್ಯುವವರು, ಅಲ್ಲಿನ ಹಾದಿಗಳು ತಮಗಷ್ಟೇ ಮೀಸಲಾದವಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ವಾಯುವಿಹಾರಕ್ಕೆ ಬರುವ ಹಿರಿಯರು, ಓಟಗಾರರು, ಮಕ್ಕಳನ್ನು ಕರೆತಂದ ತಂದೆ ತಾಯಂದಿರು, ಹಕ್ಕಿ ನೋಡಲು ಬಂದವರು ಎಲ್ಲರೂ ಅದೇ ಕಿರಿದಾದ ಮಣ್ಣಿನ ದಾರಿಯನ್ನು ಹಂಚಿಕೊಳ್ಳುತ್ತಾರೆ. ಇವರಲ್ಲಿ ಅತಿ ವೇಗವಾಗಿ ಬರುವವರು ನಾವಾದ್ದರಿಂದ ಎಚ್ಚರಿಕೆಯ ಹೆಚ್ಚಿನ ಹೊಣೆಯೂ ನಮ್ಮದೇ. ಯಾವ ಹಾದಿಯಲ್ಲಿ ಸೈಕಲ್ಲಿಗೆ ಅವಕಾಶವಿದೆ, ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂಬುದನ್ನು ಫಲಕ ನೋಡಿ ಅಥವಾ ಕಾವಲುಗಾರರನ್ನು ಕೇಳಿ ತಿಳಿದುಕೊಂಡೇ ಒಳಗೆ ಹೋಗಬೇಕು.

ಕಣ್ಣಿಗೆ ಎಷ್ಟು ದೂರದ ಹಾದಿ ಕಾಣುತ್ತದೆಯೋ ಅಷ್ಟರೊಳಗೆ ಪೂರ್ತಿಯಾಗಿ ನಿಲ್ಲಲು ಸಾಧ್ಯವಾಗುವಷ್ಟೇ ವೇಗದಲ್ಲಿ ಹೋಗಬೇಕೆಂಬುದು, ನನ್ನ ದೃಷ್ಟಿಯಲ್ಲಿ, ಉಳಿದೆಲ್ಲ ನಿಯಮಗಳಿಗೂ ಮೂಲ. ಗಂಟೆಗೆ 18 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 5 ಮೀಟರ್. ಎದುರಿಗೆ ಯಾರೋ ಇದ್ದಾರೆಂದು ತಿಳಿದು ಬೆರಳು ಬ್ರೇಕ್ ಒತ್ತುವುದಕ್ಕೆ ಒಂದು ಸೆಕೆಂಡ್ ಹಿಡಿದರೂ, ಸೈಕಲ್ಲು ನಿಧಾನವಾಗಲು ತೊಡಗುವ ಮೊದಲೇ ಅಷ್ಟು ದೂರ ಕ್ರಮಿಸಿರುತ್ತದೆ. ವೇಗ ಎರಡರಷ್ಟಾದರೆ ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾಗುವ ದೂರ ಸುಮಾರು ನಾಲ್ಕರಷ್ಟಾಗುತ್ತದೆ. ಸಡಿಲ ಜಲ್ಲಿಯ ಮೇಲೆ, ಒಣಗಿದ ನೀಲಗಿರಿ ಎಲೆಗಳ ಮೇಲೆ ಟೈರಿಗೆ ಹಿಡಿತ ಸಿಗುವುದಿಲ್ಲವಾದ್ದರಿಂದ ಅದು ಇನ್ನೂ ಹೆಚ್ಚುತ್ತದೆ. ಲಂಟಾನ ಪೊದೆ ಬೆಳೆದು ಆಚೆಯದೇನೂ ಕಾಣದ ತಿರುವಿನಲ್ಲಿ ಎದುರಿನಿಂದ ಇನ್ನೊಬ್ಬ ಸವಾರ ಬರುತ್ತಿದ್ದರೆ, ಕಾಣುವ ದೂರದಲ್ಲಿ ಇಬ್ಬರೂ ನಿಲ್ಲಬೇಕಾಗಿರುವುದರಿಂದ ಒಬ್ಬೊಬ್ಬರ ಪಾಲಿಗೆ ಅದರ ಅರ್ಧವೇ ಉಳಿಯುತ್ತದೆ. ಆದ್ದರಿಂದ ತಿರುವಿಗೆ ಮುಂಚೆಯೇ ಬ್ರೇಕ್ ಹಾಕಿ, ಗಂಟೆ ಬಾರಿಸಿ, ಎಡಕ್ಕೆ ಸರಿದು ಹೋಗಬೇಕು.

ನಡೆಯುವವರಿಗೆ ಯಾವಾಗಲೂ ನಾವೇ ದಾರಿ ಬಿಡಬೇಕು. ಸವಾರರ ನಡುವೆಯಾದರೆ, ಇಳಿಯುತ್ತಿರುವವರು ಏರುತ್ತಿರುವವರಿಗೆ ಬಿಟ್ಟುಕೊಡುವುದು ಸಾಮಾನ್ಯವಾಗಿ ಒಪ್ಪಿತವಾದ ಪದ್ಧತಿ: ಏರುದಾರಿಯಲ್ಲಿ ಒಮ್ಮೆ ಕಾಲೂರಿದವರಿಗೆ ಮತ್ತೆ ಪೆಡಲ್ ತುಳಿದು ಹೊರಡುವುದು ಬಹಳ ಕಷ್ಟ. ದಾರಿ ಬಿಡುವುದೆಂದರೆ ಪೊದೆಯೊಳಕ್ಕೆ ಸೈಕಲ್ ನುಗ್ಗಿಸುವುದಲ್ಲ, ಹಾದಿಯ ಅಂಚಿನಲ್ಲಿ ಕಾಲೂರಿ ನಿಲ್ಲುವುದು.

ಹಿಂದಿನಿಂದ ದಾಟುವಾಗ ಜನರನ್ನು ಬೆಚ್ಚಿಬೀಳಿಸಬಾರದು. ಬೆಚ್ಚಿದವರು ಯಾವ ಕಡೆಗೆ ಸರಿಯುತ್ತಾರೆಂದು ಊಹಿಸಲಾಗದು. ಜೊತೆಯಲ್ಲಿ ನಡೆಯುತ್ತಿರುವ ಇಬ್ಬರು ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಹಾರಿ, ಮತ್ತೆ ಒಬ್ಬರನ್ನೊಬ್ಬರು ಹಿಡಿದೆಳೆಯಲು ನಡುವಿಗೇ ಬರುವುದನ್ನು ಬಹಳ ಸವಾರರು ನೋಡಿರುತ್ತಾರೆ. ಸಾಕಷ್ಟು ದೂರವಿರುವಾಗಲೇ ಒಮ್ಮೆ ಗಂಟೆ ಬಾರಿಸಿ, ವೇಗವನ್ನು ನಡಿಗೆಯ ಮಟ್ಟಕ್ಕೆ ಇಳಿಸಿ, “ಸರ್, ಬಲಗಡೆಯಿಂದ ಬರ್ತಾ ಇದ್ದೀನಿ” ಎಂದೋ, “ಅಮ್ಮಾ, ಸ್ವಲ್ಪ ಜಾಗ ಕೊಡಿ, ಹಿಂದೆ ಇನ್ನೂ ಇಬ್ಬರಿದ್ದಾರೆ” ಎಂದೋ ಹೇಳಿ, ಅವರು ತಿರುಗಿ ನೋಡಿದ ಮೇಲೆಯೇ ದಾಟಬೇಕು. ಇಯರ್‌ಫೋನ್ ಹಾಕಿಕೊಂಡವರಿಗೆ ಗಂಟೆ ಕೇಳಿಸದಿರಬಹುದು. ಅಂಥವರ ಹಿಂದೆ ಹಾದಿ ಅಗಲವಾಗುವವರೆಗೆ ತಾಳ್ಮೆಯಿಂದ ಹೋಗುವುದು ಲೇಸು. ನಾವಂತೂ ಇಯರ್‌ಫೋನ್ ಹಾಕಿಕೊಳ್ಳಲೇಬಾರದು. ಸವಾರಿಯ ಸಮಯ ಅಳೆಯುವ ಆ್ಯಪ್‌ನಲ್ಲಿ ದಾಖಲೆ ಮುರಿಯುವ ಆಸೆಯಿದ್ದರೆ ಜನ ವಿರಳವಾಗಿರುವ ವಾರದ ದಿನವನ್ನು ಆರಿಸಿಕೊಳ್ಳಿ.

ದನ, ಕುರಿ ಎದುರಾದರೆ ಸೈಕಲ್ಲಿನಿಂದ ಇಳಿದು ನಿಂತು, ಕಾಯುವವರು ಕೈ ತೋರಿದ ಕಡೆಯಿಂದ ಸೈಕಲ್ ತಳ್ಳಿಕೊಂಡು ಹೋಗಬೇಕು. ನಾಯಿ ಅಟ್ಟಿಸಿಕೊಂಡು ಬಂದಾಗಲೂ ಇಳಿದು, ಸೈಕಲ್ಲನ್ನು ಅದಕ್ಕೂ ನಮಗೂ ನಡುವೆ ಇಟ್ಟುಕೊಂಡು ನಿಧಾನವಾಗಿ ಸರಿದರೆ ಸಾಮಾನ್ಯವಾಗಿ ಸುಮ್ಮನಾಗುತ್ತದೆ.

ಮಳೆಗಾಲದಲ್ಲಿ ಹಾದಿಯ ಬಗೆಗೂ ಕಾಳಜಿ ಬೇಕು. ನಮ್ಮ ಕೆಮ್ಮಣ್ಣು ನೆನೆದಿರುವಾಗ ಟೈರು ಕೊರೆದ ಜಾಡಿನಲ್ಲೇ ಮುಂದಿನ ಮಳೆಯ ನೀರು ಹರಿದು ಅದನ್ನು ಕೊರಕಲಾಗಿಸುತ್ತದೆ. ಕೊನೆಗೆ ಅದರಲ್ಲಿ ಕಾಲು ಉಳುಕಿಸಿಕೊಳ್ಳುವವರು ನಡೆಯುವವರೇ. ಚಕ್ರಕ್ಕೆ ಮಣ್ಣು ಮೆತ್ತಿಕೊಳ್ಳತೊಡಗಿದರೆ ಅಂದಿನ ಸವಾರಿಯನ್ನು ಅಲ್ಲಿಗೇ ಬಿಟ್ಟು ಹಿಂದಿರುಗುವುದು ಸರಿ. ಒಣಗಿದ ಹಾದಿಯಲ್ಲಿ ಅಲ್ಲಲ್ಲಿ ನೀರು ನಿಂತಿದ್ದರೆ, ಬಳಸಿ ಹೋಗಿ ಹಾದಿಯನ್ನು ಅಗಲ ಮಾಡದೆ, ನಿಧಾನವಾಗಿ ನಡುವೆಯೇ ಸಾಗಬೇಕು. ಇಳಿಜಾರಿನಲ್ಲಿ ಹಿಂದಿನ ಚಕ್ರವನ್ನು ಬಿಗಿಹಿಡಿದು ಜಾರಿಸುವುದೂ ಇದೇ ಹಾನಿ ಮಾಡುತ್ತದೆ.

ಇಷ್ಟಾದರೂ ಅಪಘಾತ ಸಂಭವಿಸಬಹುದು. ಬಿದ್ದವರನ್ನು ಕೂಡಲೇ ಎಬ್ಬಿಸಿ ಕೂರಿಸಬೇಡಿ. ಕುತ್ತಿಗೆ ಅಥವಾ ಬೆನ್ನಿನಲ್ಲಿ ನೋವಿದೆಯೇ ಎಂದು ಕೇಳಿ, ಇದ್ದರೆ ಅಲುಗಾಡಿಸದೆ 108ಕ್ಕೆ ಕರೆ ಮಾಡಿ. ತಿರುವಿನ ಹಿಂದೆಯೂ ಮುಂದೆಯೂ ಒಬ್ಬೊಬ್ಬರು ನಿಂತು ಉಳಿದ ಸವಾರರನ್ನು ತಡೆಯಲಿ. ಆಂಬುಲೆನ್ಸ್ ಕಾಡಿನೊಳಗಿನ ಕಾಲುದಾರಿಗೆ ಬರಲಾರದ್ದರಿಂದ, ಗಾಯಗೊಂಡವರು ಇರುವ ಜಾಗವನ್ನು ಚೆನ್ನಾಗಿ ಬಲ್ಲ ಒಬ್ಬರು ಗೇಟಿನ ಬಳಿ ಹೋಗಿ ಕಾಯಬೇಕು.