ಜ್ವರ ಬಿಟ್ಟರೂ ಬಿಡದ ಕೆಮ್ಮು: ನನ್ನ ಅನುಭವ

ಜ್ವರ, ನೆಗಡಿ ಎಲ್ಲ ಇಳಿದ ಮೇಲೂ ಒಣಕೆಮ್ಮು ಮಾತ್ರ ನನ್ನನ್ನು ಬಿಡಲಿಲ್ಲ. ದಾವಣಗೆರೆಯಲ್ಲಿ ಆಗ ಮೆಕ್ಕೆಜೋಳ ಒಣಗಿಸುವ ಕಾಲ. ರಸ್ತೆ ಬದಿಯ ದೂಳು, ಮಂಡಕ್ಕಿ ಭಟ್ಟಿಯ ಹೊಗೆ, ಸಂಜೆ ಮಿರ್ಚಿ ಕರಿಯುವ ಘಾಟು, ಯಾವುದು ಮೂಗಿಗೆ ಬಡಿದರೂ ಕೆಮ್ಮು ಶುರು. ತರಗತಿಯಲ್ಲಿ ಒಂದು ಪದ್ಯ ಪೂರ್ತಿ ಓದಲು ಆಗುತ್ತಿರಲಿಲ್ಲ. ಆಮೇಲೆ ಎದೆಯ ಎಡಗಡೆ ನೋವೂ ಸೇರಿಕೊಂಡಿತು. ಹೃದಯದ್ದೇ ಇರಬೇಕೆಂದು ಮನೆಯವರೆಲ್ಲ ಗಾಬರಿಯಾದರು.

ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು. ಕ್ಷಯದ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆದರೂ 'ಯಾರಾದರೂ ನೋಡಿಯಾರು' ಎಂದು ಹಿಂಜರಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನನ್ನ ಕಫ, ಎಕ್ಸ್‌ರೇ, ಇಸಿಜಿ ಮೂರೂ ಸರಿಯಿದ್ದವು. ವೈದ್ಯರು ಎದೆಮೂಳೆಯ ಪಕ್ಕ ಬೆರಳಿಟ್ಟು ಒತ್ತಿದಾಗ ಅದೇ ನೋವು ಚುರ್ ಎಂದಿತು. ಕೆಮ್ಮಿ ಕೆಮ್ಮಿ ಪಕ್ಕೆಲುಬು ಎದೆಮೂಳೆಗೆ ಕೂಡುವ ಜಾಗದ ಮೃದ್ವಸ್ಥಿಗೆ, ಅಂದರೆ ಮೆತ್ತನೆಯ ಎಲುಬಿಗೆ, ಉರಿಯೂತ ಬಂದಿದೆ, ಪಕ್ಕೆಯ ಸ್ನಾಯುಗಳೂ ದಣಿದಿವೆ ಎಂದರು. ಸೋಂಕಿನ ನಂತರದ ಕೆಮ್ಮು 3ರಿಂದ 8 ವಾರ ಉಳಿಯಬಹುದು, ಇದಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ ಎಂದೂ ಹೇಳಿದರು. ಕಫದಲ್ಲಿ ರಕ್ತ, ಮತ್ತೆ ಜ್ವರ, ಏದುಸಿರು, ತೂಕ ಇಳಿಯುವುದು, ತೋಳಿಗೋ ದವಡೆಗೋ ಹರಡುವ ನೋವು, ಇವುಗಳಲ್ಲಿ ಯಾವುದಿದ್ದರೂ ಕಾಯದೆ ಬನ್ನಿ ಎಂದು ಎರಡೆರಡು ಸಲ ಎಚ್ಚರಿಸಿದರು.

ಸೋಂಕು ಹೋದರೂ ಶ್ವಾಸನಾಳದ ನರಗಳು ಸ್ವಲ್ಪಕ್ಕೇ ಕೆರಳುವಂತಾಗಿರುತ್ತವೆ. ಕೆಮ್ಮಿದಷ್ಟೂ ಆ ಜಾಗ ಮತ್ತಷ್ಟು ಕೆರಳುತ್ತದೆ. ಗಾಯದ ಹಕ್ಕಳೆ ಕಿತ್ತಂತೆಯೇ ಇದು. ಹಾಗಾಗಿ ನಾನು ಹಿಡಿದ ದಾರಿ, ಗಂಟಲು ಕೆರೆದಾಗಲೆಲ್ಲ ಕೆಮ್ಮದಿರುವುದು. ಕೆರೆತ ಎದ್ದ ಕೂಡಲೇ ಬಾಯಿ ಮುಚ್ಚಿ, ಒಂದು ಗುಟುಕು ಬಿಸಿನೀರು ನುಂಗಿ, ಮೂಗಿನಿಂದ ಮೆಲ್ಲಗೆ ಉಸಿರಾಡುತ್ತಿದ್ದೆ. ಮೊದಮೊದಲು ಕಣ್ಣಲ್ಲಿ ನೀರು ಬರುತ್ತಿತ್ತು, ಅರ್ಧ ಸಲ ಕೆಮ್ಮೇ ಗೆಲ್ಲುತ್ತಿತ್ತು. ಬಿಡದೆ ಮಾಡಿದೆ. ಗಂಟಲು ಕ್ಯಾಕರಿಸುವುದನ್ನೂ ನಿಲ್ಲಿಸಿದೆ, ಅದೂ ಕೆಮ್ಮಿನಷ್ಟೇ ಕೆಟ್ಟದ್ದು. ನಿಜವಾಗಿ ಕಫ ಬಂದಾಗ ಮಾತ್ರ ದಿಂಬನ್ನು ಎದೆಗೆ ಅಪ್ಪಿ ಹಿಡಿದು, ಕನ್ನಡಿಗೆ ಊದುವ ಹಾಗೆ 'ಹಾ' ಎಂದು ಜೋರಾಗಿ ಉಸಿರು ಬಿಟ್ಟು ಹೊರಗೆ ತರುತ್ತಿದ್ದೆ. ದಿಂಬಿನ ಆಸರೆ ಇದ್ದರೆ ಪಕ್ಕೆಗೆ ಅಷ್ಟು ನೋವಾಗದು.

ರಾತ್ರಿ ಬೇಗ ಉಂಡು, ತಲೆ ಎತ್ತರಿಸಿ ಮಲಗಿದೆ. ಮಲಗುವ ಮುಂಚೆ ಒಂದು ಚಮಚ ಜೇನು. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಕೊಡಬಾರದು. ನೋವಿಗೆ ಬಿಸಿ ಶಾಖ, ವೈದ್ಯರು ಬರೆದ ಮಾತ್ರೆ, ಅಷ್ಟೇ. ಮೊದಲು ರಾತ್ರಿಯ ಕೆಮ್ಮು ಕಡಿಮೆಯಾಯಿತು. ಎದೆನೋವು ಕೆಮ್ಮಿಗಿಂತಲೂ ತಡವಾಗಿ ಹೋಯಿತು.

ನಮ್ಮ ಶಾಲೆಯ ಇನ್ನೊಬ್ಬ ಮೇಷ್ಟರಿಗೂ ಇಂಥದೇ ಒಣಕೆಮ್ಮು ಇತ್ತು. ನಾನು ಮಾಡಿದ್ದೆಲ್ಲ ಮಾಡಿದರೂ ಅವರಿಗೆ ಇಳಿಯಲಿಲ್ಲ. ನೀವು ನುಂಗುವ ಮಾತ್ರೆಗಳ ಚೀಟಿಯನ್ನೆಲ್ಲ ವೈದ್ಯರಿಗೆ ತೋರಿಸಿ ಎಂದೆ. ಬಿಪಿಗೆ ಎನಲಾಪ್ರಿಲ್ ತೆಗೆದುಕೊಳ್ಳುತ್ತಿದ್ದರು. ಆ ಗುಂಪಿನ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ವೈದ್ಯರೇ ಮಾತ್ರೆ ಬದಲಿಸಿಕೊಟ್ಟರು, ಕೆಮ್ಮು ನಿಧಾನವಾಗಿ ನಿಂತಿತು.