ಕ್ಲಾಸಿಗೆ ಮುಂಚೆ ಹದಿನಾರು ಸುತ್ತು

ಬೆಲ್ಜಿಯಂನ ಅರ್ಡೆನ್ ಗುಡ್ಡಗಾಡಿನಲ್ಲಿ, ದುರ್ಬುಯ್ ಊರಿನ ಹತ್ತಿರ, ರಾಧಾದೇಶ ಇದೆ. ಹಳೇ ಕೋಟೆಮನೆ, 1979ರಿಂದ ಇಸ್ಕಾನ್ ಕೈಯಲ್ಲಿದೆ. ಅಲ್ಲಿನ ಭಕ್ತಿವೇದಾಂತ ಕಾಲೇಜಿಗೆ ಬರುವವರು ಇಳಿಯಬೇಕಾದ ರೈಲು ನಿಲ್ದಾಣ ಬಾರ್ವೋ.

ಇಲ್ಲಿ ಓದಿಗಿಂತ ಮೊದಲು ಹಳಿಗೆ ಬರಬೇಕಾದ್ದು ಜಪ. ದೀಕ್ಷೆ ಪಡೆದವರಿಗೆ ದಿನಕ್ಕೆ 16 ಸುತ್ತು ತಪ್ಪುವಂತಿಲ್ಲ. ಜಪಮಾಲೆಯ ಒಂದು ಸುತ್ತಿಗೆ 108ರಂತೆ 1,728 ಸಲ ಹರೇ ಕೃಷ್ಣ ಮಂತ್ರ. ರೂಢಿಯಾದವರಿಗೆ ಒಂದು ಸುತ್ತಿಗೆ 7–8 ನಿಮಿಷ, ಹೊಸಬರಿಗೆ 10–12. ಇಸ್ಕಾನ್ ಮಂದಿರಗಳಲ್ಲಿ ಸಾಮಾನ್ಯವಾಗಿ 4.30ಕ್ಕೆ ಮಂಗಳಾರತಿ, ಅದರ ಬೆನ್ನಿಗೆ ತುಳಸಿ ಪೂಜೆ. ಐದೂಕಾಲರಿಂದ ಏಳರವರೆಗೆ ಕೂತರೆ ಕೈಪಳಗಿದವರಿಗೂ ಆಗುವುದು 14 ಸುತ್ತು. ಉಳಿದೆರಡನ್ನು ಆರತಿಗೆ ಮುಂಚೆಯೇ ಮುಗಿಸಿ. ‘ಸಂಜೆ ನೋಡಿಕೊಳ್ಳೋಣ’ ಎಂದು ಬಿಟ್ಟದ್ದು ರಾತ್ರಿ ಹತ್ತಕ್ಕೆ ತೂಕಡಿಕೆಯಲ್ಲಿ ಮುಗಿಯುತ್ತದೆ. ಹೊಸಬರು 4 ಸುತ್ತಿನಿಂದ ಹಿಡಿದು ನಿಧಾನಕ್ಕೆ ಏರಿಸುವುದೇ ಸರಿ.

ಬಲಗೈಯನ್ನು ಜಪದ ಚೀಲದೊಳಗೆ ಇಳಿಸಿ, ತೋರುಬೆರಳನ್ನು ತೂತಿನಿಂದ ಹೊರಗೆ ಚಾಚಿ. ಹೆಬ್ಬೆರಳು, ಮಧ್ಯದ ಬೆರಳಿನ ನಡುವೆ ಮಣಿ. ದೊಡ್ಡ ಮಣಿಗಳ ಕಡೆಯಿಂದ ಶುರು. ಮಾಲೆಯ ಎರಡು ತುದಿ ಸೇರುವಲ್ಲಿನ ಮೇರುಮಣಿ ಸಿಕ್ಕಾಗ ದಾಟಬಾರದು, ಮಾಲೆ ತಿರುಗಿಸಿ ಹಿಂದಕ್ಕೆ ಬರಬೇಕು. ಸುತ್ತು ಮುಗಿದ ಕ್ಷಣವೇ ಚೀಲಕ್ಕೆ ಕಟ್ಟಿದ ಎಣಿಕೆ ಮಣಿ ಒಂದನ್ನು ಎಳೆಯಿರಿ. ‘ಒಂಬತ್ತೋ ಹತ್ತೋ’ ಎಂಬ ಗೊಂದಲ ಹುಟ್ಟುವುದು ಇದನ್ನು ಮರೆತಾಗಲೇ. ಅನುಮಾನ ಬಂದರೆ ಕಡಿಮೆ ಲೆಕ್ಕವನ್ನೇ ಹಿಡಿಯಿರಿ. ವೇಗದ ಆಸೆಗೆ ಬಿದ್ದರೆ ‘ಹರೇ’ ಹೋಗಿ ‘ಹ್ರೇ’ ಆಗುತ್ತದೆ, ಅಕ್ಷರ ಕಿವಿಗೆ ಬೀಳುವುದಿಲ್ಲ. ನಿದ್ದೆ ಎಳೆದರೆ ಎದ್ದು ಓಡಾಡಿ. ಫೋನಿನಲ್ಲಿ ಎಣಿಸುವ ಆ್ಯಪ್ ಬೇಡವೇ ಬೇಡ. ಎಣಿಸಲು ತೆಗೆದವರು ಮೆಸೇಜು ಓದುತ್ತ ಕೂರುತ್ತಾರೆ.

ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಎಂಟೂವರೆಯ ಹೊತ್ತಿಗೆ. ಪಂಚೆಯ ಒಳಗೆ ಥರ್ಮಲ್, ಮೇಲೆ ಉಣ್ಣೆಯ ಶಾಲು, ಕಾಲಿಗೆ ದಪ್ಪ ಉಣ್ಣೆ ಕಾಲುಚೀಲ ಬೇಕೇ ಬೇಕು; ಚಪ್ಪಲಿ ಹೊರಗೇ ಬಿಡಬೇಕಲ್ಲ. ನೆನೆದ ತುಳಸಿ ಮಾಲೆಯನ್ನು ಹೀಟರಿನ ಮೇಲೆ ಇಟ್ಟರೆ ಮಣಿ ಸೀಳುತ್ತದೆ, ನೆರಳಲ್ಲೇ ಆರಲಿ.

ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಊಟ ವಾರದಲ್ಲಿ ಒಗ್ಗುತ್ತದೆ. ಎಡವುವುದು ಏಕಾದಶಿಯಲ್ಲಿ. ಏಕಾದಶಿಗೆ ಪೂರ್ತಿ ಉಪವಾಸ ಇರುವ ಮಾಧ್ವರ ಮನೆಯಿಂದ ಬಂದವರಿಗೆ ಆಲೂಗಡ್ಡೆ ಪಲ್ಯ ಬಡಿಸಿದ್ದು ಕಂಡು ಅಚ್ಚರಿಯಾಗಬಹುದು. ಇಲ್ಲಿ ಬಿಡುವುದು ಧಾನ್ಯ, ಬೇಳೆಕಾಳು. ಅಡುಗೆ ಸೇವೆಗೆ ನಿಂತವರು ಇಂಗಿನ ಡಬ್ಬಿಯ ಚೀಟಿ ಓದಲೇಬೇಕು, ಪುಡಿ ಇಂಗಿನಲ್ಲಿ ಹೆಚ್ಚಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ಬೇಕಿಂಗ್ ಪೌಡರಿನಲ್ಲೂ ಮೆಕ್ಕೆಜೋಳದ ಪಿಷ್ಟ ಇರುವುದುಂಟು. ಮಾರನೆ ಬೆಳಿಗ್ಗೆ ಉಪವಾಸ ಮುರಿಯುವ ಪಾರಣೆಗೆ ಊರಿನ ಪಂಚಾಂಗ ನೋಡಬೇಡಿ. ಸೂರ್ಯೋದಯ ಬೇರೆ, ಒಮ್ಮೊಮ್ಮೆ ತಾರೀಕೇ ಬೇರೆ. ಬೆಲ್ಜಿಯಂಗೆ ಲೆಕ್ಕ ಹಾಕಿದ ವೈಷ್ಣವ ಕ್ಯಾಲೆಂಡರಿನ ಸಮಯದೊಳಗೆ ಒಂದು ತುತ್ತಾದರೂ ಧಾನ್ಯ ಬಾಯಿಗೆ ಬೀಳಬೇಕು.